ಎಂಟು ತಿಂಗಳು ನಿಲ್ಲಲಿರುವ ಕಾರು: ಬ್ಯಾಟರಿಗೆ ನಾನು ಮಾಡಿದ ತಯಾರಿ

ಕೆಲಸದ ಮೇಲೆ ಎಂಟು ತಿಂಗಳು ದೂರ ಹೋಗುತ್ತಿದ್ದೇನೆ. ಅಷ್ಟು ದಿನವೂ ಕಾರು ಕದಲದೆ ನಿಲ್ಲಬೇಕು.

ಹಿಂದೊಮ್ಮೆ ಹೀಗೇ ಐದು ತಿಂಗಳು ಹೋಗಿದ್ದೆ. ಆಗ ಕವರ್ ಹೊದಿಸಿ, ಲಾಕ್ ಮಾಡಿ ಹೊರಟುಬಿಟ್ಟಿದ್ದೆ. ವಾಪಸ್ ಬಂದು ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ಬ್ಯಾಟರಿಯಲ್ಲಿ ಉಳಿದಿದ್ದು 3.8 ವೋಲ್ಟ್. ಚಾರ್ಜರ್ ಹಾಕಿದರೆ ಅಲ್ಲೊಂದು ಬ್ಯಾಟರಿ ಇದೆ ಎಂದೇ ಅದಕ್ಕೆ ಗೊತ್ತಾಗಲಿಲ್ಲ. ಎರಡೇ ವರ್ಷದ ಬ್ಯಾಟರಿ ಗುಜರಿಗೆ ಹೋಯಿತು. ಓಡಿಸಿ ಓಡಿಸಿ ಸವೆದಿದ್ದರೆ ಬೇಸರ ಆಗುತ್ತಿರಲಿಲ್ಲ. ಸುಮ್ನೆ ನಿಂತಲ್ಲೇ ಹಾಳಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಅದರ ಬದಲಿಗೆ ಹಾಕಿದ್ದೇ ಈಗಿನ ಬ್ಯಾಟರಿ. 12 ವೋಲ್ಟ್, 45 ಆಂಪಿಯರ್ ಅವರ್, ಅಂದರೆ ಲೆಕ್ಕಕ್ಕೆ ಒಂದು ಆಂಪಿಯರಿನಂತೆ 45 ಗಂಟೆ ಕೊಡುವಷ್ಟು. ಮೇಲೆ ಆರು ಮುಚ್ಚಳ ಇರುವ, ನೀರು ಹಾಕುವ ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ. ಮೂರು ವರ್ಷ ಆಗಿದೆ, ಇನ್ನೂ ಗಟ್ಟಿಯಾಗಿದೆ. ಇದನ್ನು ಉಳಿಸಿಕೊಳ್ಳಲೇಬೇಕು ಎಂದು ಎರಡು ರಜಾ ದಿನ ಇದಕ್ಕೇ ಇಟ್ಟೆ. ಮಾಡಿದ್ದನ್ನೆಲ್ಲ ಅಳತೆಯ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಅಳತೆ

ಹಿಂದಿನ ರಾತ್ರಿ ಕಾರು ಮುಟ್ಟಿರಲಿಲ್ಲ. ಬೆಳಗ್ಗೆ ಬಾನೆಟ್ ಎತ್ತಿ, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ನೇರ ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ಹಿಡಿದೆ. ಮೇಲಿನ ಕ್ಲ್ಯಾಂಪಿಗಲ್ಲ. ಕ್ಲ್ಯಾಂಪ್ ಮತ್ತು ಕಂಬದ ನಡುವೆ ಕಿಲುಬು ಇದ್ದರೆ ಓದು ಅಲ್ಲೇ ತಪ್ಪುತ್ತದೆ. 12.29 ವೋಲ್ಟ್ ಬಂತು.

ನನ್ನ ತಂಗಿ ಪಕ್ಕದಲ್ಲೇ ನಿಂತಿದ್ದಳು. ನಾನಿಲ್ಲದಾಗ ತಿಂಗಳಿಗೊಮ್ಮೆ ನೋಡಿಕೊಳ್ಳುವವಳು ಅವಳೇ. "12 ವೋಲ್ಟ್ ಬ್ಯಾಟರಿ, 12.29 ತೋರಿಸ್ತಿದೆ. ಅಂದ್ರೆ ಫುಲ್ ಇದೆ ಅಲ್ವಾ ಅಣ್ಣಾ?" ಎಂದಳು. ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. 12 ಅನ್ನುವುದು ಹೆಸರು ಅಷ್ಟೇ. ಒಳಗೆ ಆರು ಸೆಲ್ ಇವೆ. ಪೂರ್ತಿ ತುಂಬಿದ ಒಂದೊಂದು ಸೆಲ್ಲೂ 2.1 ವೋಲ್ಟಿನ ಆಸುಪಾಸು ಇರುತ್ತದೆ. ಆರೂ ಸೇರಿದರೆ 12.6ರಿಂದ 12.7. ಅದು ಫುಲ್. 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ. 12.0ಕ್ಕೆ ಇಳಿದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದರ್ಥ. ತುಂಬಿದ್ದಕ್ಕೂ ಬರಿದಾದದ್ದಕ್ಕೂ ಮಧ್ಯೆ ಒಂದು ವೋಲ್ಟಿನ ಅಂತರವೂ ಇಲ್ಲ. ಅದಕ್ಕೇ ಎರಡನೇ ದಶಾಂಶದವರೆಗೆ ತೋರಿಸುವ ಮೀಟರ್ ಬೇಕು.

ಹಾಗಾದರೆ ನನ್ನದು ಸುಮಾರು ಅರವತ್ತು ಪರ್ಸೆಂಟ್. ದಿನಾ ಕಾರು ತೆಗೆಯುತ್ತಿದ್ದೆ, ಆದರೂ ಇಷ್ಟೇ. ಕಾರಣ ಸಣ್ಣ ಸಣ್ಣ ಓಡಾಟ. ಹತ್ತು ನಿಮಿಷ ಹೋಗಿ ನಿಲ್ಲಿಸಿದರೆ, ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ಗೆ ಬ್ಯಾಟರಿ ತುಂಬಿಸಲು ಸಮಯವೇ ಸಿಗುವುದಿಲ್ಲ.

ಬ್ಯಾಟರಿ ಕರೆಂಟ್ ಕೊಡುತ್ತಾ ಹೋದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಆಸಿಡ್ ತೆಳ್ಳಗಾಗಿ ನೀರಿನ ಕಡೆಗೆ ವಾಲುತ್ತದೆ. ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಆಸಿಡ್‌ಗೆ ವಾಪಸ್ ಹೋಗುತ್ತದೆ. ಹೊಸದಾಗಿ ಕೂತ ಸಲ್ಫೇಟ್ ಮೃದು, ಕಣ ಸಣ್ಣದು, ಬೇಗ ಕರಗುತ್ತದೆ. ಅದೇ ವಾರಗಟ್ಟಲೆ ಹಾಗೇ ಬಿಟ್ಟರೆ ಕಣಗಳು ಒಂದಕ್ಕೊಂದು ಸೇರಿ ದೊಡ್ಡ ಹರಳಾಗುತ್ತವೆ. ಆ ಹರಳನ್ನು ಚಾರ್ಜರ್ ಕರಗಿಸಲಾರದು. ಪ್ಲೇಟಿನ ಅಷ್ಟು ಜಾಗ ಸತ್ತಂತೆಯೇ.

"ಮೈನಸ್ ವೈರ್ ಬಿಚ್ಚಿ ಹೋಗು, ಸಾಕು" ಎಂದು ಹೇಳುವವರು ಎಲ್ಲ ಕಡೆ ಇದ್ದಾರೆ. ವೈರ್ ಬಿಚ್ಚಬೇಕು ಎಂಬುದು ನಿಜ. ಆದರೆ ಅರವತ್ತು ಪರ್ಸೆಂಟ್ ಇರುವ ಬ್ಯಾಟರಿಯ ವೈರ್ ಬಿಚ್ಚಿಟ್ಟರೆ ಅದು ಅರವತ್ತು ಪರ್ಸೆಂಟಿನಲ್ಲೇ ಕೂತು ಹರಳು ಬೆಳೆಸುತ್ತದೆ. ಮೊದಲು ತುಂಬಿಸಬೇಕು, ಆಮೇಲೆ ಬಿಚ್ಚಿಡಬೇಕು, ಮತ್ತೆ ತುಂಬಿದಂತೆಯೇ ಇಟ್ಟುಕೊಳ್ಳಬೇಕು. ನಾನು ಎರಡು ದಿನ ಮಾಡಿದ್ದೆಲ್ಲ ಈ ಮೂರಕ್ಕಾಗಿಯೇ.

ನಿಂತ ಕಾರು ಎಷ್ಟು ಕುಡಿಯುತ್ತದೆ?

ಬಿಚ್ಚುವ ಮೊದಲು ಒಂದು ವಿಷಯ ನೋಡಲೇಬೇಕಿತ್ತು. ಹೋದ ಸಲ ಬ್ಯಾಟರಿಯನ್ನು ಕೊಂದಿದ್ದು ಏನು? ಕಾರು ಆಫ್ ಆದ ಮೇಲೂ ಗಡಿಯಾರ, ಅಲಾರಂ, ರಿಮೋಟಿನ ರಿಸೀವರ್, ಕಂಪ್ಯೂಟರಿನ ನೆನಪು ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಒಟ್ಟು 0.05 ಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ಸರಿ ಎನ್ನುತ್ತಾರೆ.

ಇದನ್ನು ಅಳೆಯಲು ಮೀಟರನ್ನು ಮೈನಸ್ ದಾರಿಯ ಮಧ್ಯೆ ಸೇರಿಸಬೇಕು. ವೈರ್ ಬಿಚ್ಚಿ ಆಮೇಲೆ ಮೀಟರ್ ಸೇರಿಸಿದರೆ ಕಾರಿನ ಎಲ್ಲ ಮಾಡ್ಯೂಲೂ (ಒಂದೊಂದು ಭಾಗ ನಡೆಸುವ ಪುಟ್ಟ ಕಂಪ್ಯೂಟರುಗಳು) ಒಮ್ಮೆ ಸತ್ತು ಮತ್ತೆ ಎದ್ದು ಕೂರುತ್ತವೆ, ಅವು ಮಲಗುವವರೆಗೆ ಓದು ಸರಿ ಬರುವುದಿಲ್ಲ. ನಾನು ಮಾಡಿದ್ದು ಹೀಗೆ. ಮೀಟರನ್ನು ಡಿಸಿ ಆಂಪಿಯರಿಗೆ ತಿರುಗಿಸಿ, ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಚುಚ್ಚಿದೆ. ಕ್ಲಿಪ್ ಇರುವ ಲೀಡ್‌ಗಳಲ್ಲಿ ಒಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಮೈನಸ್ ಕೇಬಲ್ಲಿನ ಕ್ಲ್ಯಾಂಪಿಗೆ ಕಚ್ಚಿಸಿದೆ. ಆಮೇಲೆ ಕ್ಲ್ಯಾಂಪಿನ ನಟ್ ಸಡಿಲಿಸಿ ಮೆಲ್ಲಗೆ ಮೇಲೆತ್ತಿದೆ. ಕರೆಂಟ್ ಒಂದು ಕ್ಷಣವೂ ಕಡಿಯದೆ ಮೀಟರಿನ ಮೂಲಕ ಹರಿಯತೊಡಗಿತು.

ಮೀಟರ್ ಹೀಗೆ ಇರುವಾಗ ಇಗ್ನಿಷನ್ ಮುಟ್ಟಬಾರದು. ಸೆಲ್ಫ್ ಹೊಡೆದರೆ ನೂರಕ್ಕೂ ಜಾಸ್ತಿ ಆಂಪಿಯರ್ ಹರಿಯುತ್ತದೆ, ಮೀಟರಿನ ಫ್ಯೂಸ್ ಆ ಕ್ಷಣವೇ ಹೋಗುತ್ತದೆ. ಬಾಗಿಲನ್ನೂ ತೆಗೆಯಬಾರದು, ದೀಪ ಹೊತ್ತಿ ಮಾಡ್ಯೂಲುಗಳು ಎಚ್ಚರವಾಗುತ್ತವೆ. ಫ್ಯೂಸ್ ಬಾಕ್ಸಿಗೆ ಕೈ ಹೋಗಬೇಕಲ್ಲ, ಅದಕ್ಕೆ ಮೊದಲೇ ಡ್ರೈವರ್ ಬಾಗಿಲು ತೆರೆದಿಟ್ಟು ಅದರ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ್ದೆ. ಬಾಗಿಲು ಹಾಕಿದೆ ಎಂದು ಕಾರು ನಂಬಿತು. ಬಾನೆಟ್ ಲ್ಯಾಚಿಗೂ ಅದೇ ಉಪಾಯ. ವಾಪಸ್ ಮುಚ್ಚುವ ಮೊದಲು ಎರಡನ್ನೂ ಬಿಡಿಸಬೇಕು, ಇಲ್ಲದಿದ್ದರೆ ಲ್ಯಾಚೇ ಮುರಿಯುತ್ತದೆ. ಕೀಲಿಯನ್ನು ತಂಗಿಯ ಕೈಗೆ ಕೊಟ್ಟು ಒಳಗೆ ಕಳಿಸಿದೆ. ಕೀಲಿ ಹತ್ತಿರ ಇದ್ದರೂ ಕೆಲವು ಕಾರು ಮಲಗುವುದಿಲ್ಲ.

ಶುರುವಿನಲ್ಲಿ 0.34 ಆಂಪಿಯರ್. ಐದು ನಿಮಿಷಕ್ಕೆ 0.19. ಇಪ್ಪತ್ತು ನಿಮಿಷಕ್ಕೆ 0.11. ನಲವತ್ತು ನಿಮಿಷ ಆದರೂ 0.11ರಲ್ಲೇ ನಿಂತಿತು. ಏನೋ ಒಂದು ಎಚ್ಚರವಾಗೇ ಇದೆ.

0.11 ನೋಡಲು ಎಷ್ಟು ಸಣ್ಣ ಅಂಕಿ. ಆದರೆ ದಿನಕ್ಕೆ 24 ಗಂಟೆ. ಗುಣಿಸಿದರೆ ದಿನಕ್ಕೆ 2.64 ಆಂಪಿಯರ್ ಅವರ್. ನನ್ನ ಬ್ಯಾಟರಿಯಲ್ಲಿ ಆ ಬೆಳಗ್ಗೆ ಇದ್ದಿದ್ದು ಹೆಚ್ಚೆಂದರೆ 28. ಹತ್ತು ಹನ್ನೊಂದು ದಿನದಲ್ಲಿ ಪೂರ್ತಿ ಖಾಲಿ! ಹೋದ ಸಲ ನಾನು ಹೊರಟು ಎರಡನೇ ವಾರ ಮುಗಿಯುವ ಹೊತ್ತಿಗೇ ಅದರ ಕಥೆ ಮುಗಿದಿರಬೇಕು. ಮಿಕ್ಕ ತಿಂಗಳೆಲ್ಲ ಅದು ಖಾಲಿ ಹೊಟ್ಟೆಯಲ್ಲಿ ಹರಳು ಕಟ್ಟಿಕೊಂಡು ಕೂತಿತ್ತು.

ಯಾವುದು ಎಳೆಯುತ್ತಿದೆ ಎಂದು ಹುಡುಕಲು ಫ್ಯೂಸುಗಳನ್ನು ಒಂದೊಂದಾಗಿ ಕೀಳುವುದು ಹಳೆಯ ದಾರಿ. ಅದರಲ್ಲಿ ಒಂದು ತೊಂದರೆ ಇದೆ. ಕಿತ್ತ ಫ್ಯೂಸ್ ವಾಪಸ್ ಹಾಕಿದಾಗ ಮಾಡ್ಯೂಲ್ ಎದ್ದು ಮತ್ತೆ ಅರ್ಧ ಗಂಟೆ ಕಾಯಿಸುತ್ತದೆ. ನಾನು ಕೀಳಲಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆ ತೆರೆದಿರುತ್ತವೆ. ಇನ್ನೊಂದು ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಆ ಎರಡು ಚುಕ್ಕೆಗೆ ಮುಟ್ಟಿಸುತ್ತಾ ಹೋದೆ. ಫ್ಯೂಸಿನಲ್ಲಿ ಕರೆಂಟ್ ಹರಿಯದಿದ್ದರೆ ಓದು 0.0. ಹರಿಯುತ್ತಿದ್ದರೆ ಏನೋ ಒಂದು ಅಂಕಿ ಬರುತ್ತದೆ.

ಹದಿನಾಲ್ಕು ಫ್ಯೂಸ್ 0.0. ಎರಡರಲ್ಲಿ 0.1. ಒಂದು 10 ಆಂಪಿಯರ್ ಫ್ಯೂಸಿನಲ್ಲಿ 0.6. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗಿನ ಚಿತ್ರ ನೋಡಿದರೆ ಅದು ಓಬಿಡಿ ಸಾಕೆಟ್ಟಿನ (ಕಾರಿನ ದೋಷ ಓದುವ ಉಪಕರಣ ಚುಚ್ಚುವ ಜಾಗದ) ಫ್ಯೂಸ್. ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿದೆ. ಹೋದ ಸಲ ಹೊರಡುವುದಕ್ಕೂ ಮೊದಲೇ ಚುಚ್ಚಿ ಮರೆತಿದ್ದ, ಕಾರಿನ ಮಾಹಿತಿಯನ್ನು ಫೋನಿಗೆ ಕಳಿಸುವ ಬ್ಲೂಟೂತ್ ರೀಡರ್ ಅಲ್ಲೇ ಇತ್ತು, ಸಣ್ಣ ನೀಲಿ ದೀಪ ಮಿಣಮಿಣ ಅನ್ನುತ್ತಿತ್ತು. ಆ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತದೆ, ಕೀಲಿ ತೆಗೆದರೂ ಹೋಗುವುದಿಲ್ಲ. ರೀಡರ್ ತಾನೂ ಕುಡಿಯುತ್ತಿತ್ತು, ಕಾರಿನ ಕಂಪ್ಯೂಟರನ್ನೂ ಮಲಗಲು ಬಿಡುತ್ತಿರಲಿಲ್ಲ.

ಕಿತ್ತೆ. ಸ್ವಲ್ಪ ಹೊತ್ತಿಗೆ ಮೊದಲ ಮೀಟರ್ 0.024ಕ್ಕೆ ಇಳಿಯಿತು. ಆ ಅಂಕಿ ಇಳಿಯುವುದನ್ನು ನೋಡುವಾಗ ಆದ ಖುಷಿ ಹೇಳತೀರದು.

ಆದರೂ ಲೆಕ್ಕ ಹಾಕಿ. 0.024 ಅಂದರೆ ದಿನಕ್ಕೆ 0.58 ಆಂಪಿಯರ್ ಅವರ್. 45ರ ಬ್ಯಾಟರಿ ಪೂರ್ತಿ ತುಂಬಿದ್ದರೂ 39 ದಿನಕ್ಕೆ ಅರ್ಧವಾಗುತ್ತದೆ, 78 ದಿನಕ್ಕೆ ಬರಿದು. ಯಾವ ದೋಷವೂ ಇಲ್ಲದ ಕಾರಿನ ಲೆಕ್ಕ ಇದು. ಎರಡು ಮೂರು ವಾರಕ್ಕಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ತಿಂಗಳು ಮೀರಿದರೆ ವೈರ್ ಬಿಚ್ಚಲೇಬೇಕು, ಇಲ್ಲವೇ ಚಾರ್ಜರ್ ಸಿಕ್ಕಿಸಿಡಬೇಕು.

ಬಿಚ್ಚುವ ಮುನ್ನ

ಮೈನಸ್ ಕ್ಲ್ಯಾಂಪನ್ನು ವಾಪಸ್ ಕೂರಿಸಿ ಮೀಟರ್ ತೆಗೆದೆ. ಕರೆಂಟ್ ಇರುವಾಗಲೇ ಮಾಡಿ ಮುಗಿಸಬೇಕಾದ ಕೆಲಸ ಕೆಲವಿವೆ. ಕಿಟಕಿ ಎಲ್ಲ ಮೇಲೆತ್ತಿದೆ. ಸ್ಟೀರಿಯೋಗೆ ಕೋಡ್ ಬೇಕಾ ಎಂದು ಕಾರಿನ ಪುಸ್ತಕದಲ್ಲಿ ನೋಡಿದೆ, ಬೇಕಿರಲಿಲ್ಲ. ಡಿಕ್ಕಿಯಲ್ಲಿದ್ದ ಸಾಮಾನೆಲ್ಲ ಹೊರಗೆ ತೆಗೆದೆ, ಯಾಕೆಂದರೆ ನನ್ನ ಡಿಕ್ಕಿ ತೆರೆಯುವುದು ಸ್ವಿಚ್ಚಿನಿಂದ. ಬ್ಯಾಟರಿ ಇಲ್ಲದಿದ್ದರೆ ತೆರೆಯುವುದಿಲ್ಲ. ಬ್ಯಾಟರಿಯೇ ಡಿಕ್ಕಿಯಲ್ಲಿರುವ ಕಾರಿನವರು ಇದನ್ನು ಎರಡು ಸಲ ಯೋಚಿಸಬೇಕು.

ಇನ್ನೊಂದು ಮುಖ್ಯ ವಿಷಯ, ಕೀಲಿ. ಬ್ಯಾಟರಿ ತೆಗೆದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ. ಕೈಯಲ್ಲಿ ಬೀಗ ತೆಗೆಯಲು ಡ್ರೈವರ್ ಬಾಗಿಲಿನ ತೂತು ಒಂದೇ ಗತಿ. ರಿಮೋಟಿನೊಳಗಿನ ಲೋಹದ ಕೀಲಿ ಎಳೆದು ಹಾಕಿ ತಿರುಗಿಸಿ ನೋಡಿದೆ. ತಿರುಗಲಿಲ್ಲ! ವರ್ಷಗಟ್ಟಲೆ ಯಾರೂ ಅದಕ್ಕೆ ಕೀಲಿ ಹಾಕಿರಲಿಲ್ಲ, ಧೂಳು ಕೂತು ಬಿಗಿದಿತ್ತು. ಗ್ರಾಫೈಟ್ ಪುಡಿ ಊದಿ, ಕೀಲಿಯನ್ನು ಒಳಗೆ ಹೊರಗೆ ಆಡಿಸಿ, ಹತ್ತು ನಿಮಿಷ ಸತಾಯಿಸಿದ ಮೇಲೆ ಮಣಿಯಿತು. ಇದು ಎಂಟು ತಿಂಗಳ ಮೇಲೆ ಗೊತ್ತಾಗಿದ್ದರೆ ಬಾನೆಟ್ ತೆರೆಯುವ ಲಿವರ್ ಒಳಗೆ, ನಾನು ಹೊರಗೆ.

ಇಗ್ನಿಷನ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಸ್ಪ್ಯಾನರ್ ಹಿಡಿದೆ. ಮೈನಸ್ ಮೊದಲು, ಪ್ಲಸ್ ಆಮೇಲೆ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಕಾರಿನ ಮೈಯೆಲ್ಲ ಮೈನಸ್ಸೇ. ಮೈನಸ್ ಕೇಬಲ್ ಇನ್ನೂ ಇರುವಾಗ ಪ್ಲಸ್ ನಟ್ ತಿರುಗಿಸಲು ಹೋಗಿ ಸ್ಪ್ಯಾನರಿನ ಬಾಲ ಬಾಡಿಗೆ ತಾಗಿತು ಅನ್ನಿ, ಬ್ಯಾಟರಿ ನೇರ ಶಾರ್ಟ್ ಆಗಿ ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಆಮೇಲೆ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ. ಕೈಯಲ್ಲಿ ಉಂಗುರ, ಲೋಹದ ವಾಚು ಇದ್ದರೆ ತೆಗೆದಿಡಿ.

ಪ್ಲಸ್ ಕ್ಲ್ಯಾಂಪ್ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಮೀಟಬಾರದು, ಸುತ್ತಿಗೆಯಲ್ಲಂತೂ ತಟ್ಟಲೇಬಾರದು. ಕಂಬ ಸೀಸದ್ದು, ಮೃದು. ಅದರ ಬುಡ ಅಲುಗಿದರೆ ಅಲ್ಲಿಂದಲೇ ಆಸಿಡ್ ಜಿನುಗುತ್ತದೆ. ನಟ್ ಪೂರ್ತಿ ಸಡಿಲಿಸಿ, ಕ್ಲ್ಯಾಂಪಿನ ಸೀಳನ್ನು ಸ್ವಲ್ಪ ಅಗಲಿಸಿ, ಎಡಕ್ಕೂ ಬಲಕ್ಕೂ ತಿರುಚುತ್ತಾ ಬಂದರೆ ತಾನಾಗೇ ಮೇಲೆ ಬರುತ್ತದೆ. ಸ್ಟಾರ್ಟ್ ಸ್ಟಾಪ್ ಇರುವ (ನಿಂತಾಗ ಇಂಜಿನ್ ತಾನೇ ಆರಿ ಮತ್ತೆ ಹಿಡಿಯುವ) ಕಾರುಗಳಲ್ಲಿ ಮೈನಸ್ ಕ್ಲ್ಯಾಂಪಿಗೇ ಅಂಟಿಕೊಂಡು ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅಲ್ಲಿ ಇನ್ನೂ ಜಾಗ್ರತೆ ಬೇಕು.

ಹಿಡಿದಿಡುವ ಪಟ್ಟಿ ಬಿಚ್ಚಿ ಬ್ಯಾಟರಿ ಎತ್ತಿದೆ. ನೋಡಲು ಸಣ್ಣದು, ತೂಕ ಹತ್ತು ಕಿಲೋಗೂ ಜಾಸ್ತಿ. ಓರೆ ಮಾಡದೆ, ನೆಟ್ಟಗೆ ಹಿಡಿದುಕೊಂಡೇ ಸಾಗಿಸಬೇಕು.

ಕಿಲುಬು ಮತ್ತು ಕೊಳೆ

ಪ್ಲಸ್ ಕಂಬದ ಸುತ್ತ ಬಿಳಿ, ಹಸಿರು ಕಿಲುಬು ಹೂಕೋಸಿನ ಹಾಗೆ ಅರಳಿತ್ತು. ಮುಚ್ಚಳಗಳ ಸುತ್ತ ಎಣ್ಣೆ, ಧೂಳು, ಸ್ವಲ್ಪ ತೇವ. ಒರೆಸುವ ಮೊದಲು ಒಂದು ಪರೀಕ್ಷೆ ಮಾಡಿದೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಮೈನಸ್ ಕಂಬಕ್ಕೆ ಹಿಡಿದು, ಕೆಂಪು ಕಡ್ಡಿಯನ್ನು ಬರೀ ಪ್ಲಾಸ್ಟಿಕ್ಕಿನ ಮೇಲೆ ಆ ತೇವದ ಕೊಳೆಯಲ್ಲಿ ಎಳೆದೆ. 0.8 ವೋಲ್ಟ್! ಏನೂ ಬರಬಾರದ ಜಾಗದಲ್ಲಿ 0.8. ಪ್ಲಸ್ ಕಡೆಗೆ ಹೋದಂತೆ ಇನ್ನೂ ಏರಿತು. ಕೊಳೆಯಲ್ಲಿ ಆಸಿಡ್ ತೇವ ಬೆರೆತು ಒಂದು ಕಂಬದಿಂದ ಇನ್ನೊಂದಕ್ಕೆ ತೆಳುವಾದ ದಾರಿ ಕಟ್ಟಿತ್ತು. ವೈರ್ ಬಿಚ್ಚಿಟ್ಟರೂ ಬ್ಯಾಟರಿ ತನ್ನ ಬೆನ್ನ ಮೇಲಿನ ಕೊಳೆಯ ಮೂಲಕವೇ ಸೋರುತ್ತಿತ್ತು. ಇದನ್ನು ತಂಗಿಗೂ ತೋರಿಸಿದೆ. ಅವಳು ಮೀಟರ್ ಕಸಿದುಕೊಂಡು ತಾನೇ ಎರಡು ಮೂರು ಸಲ ಎಳೆದು ನೋಡಿದಳು.

ಆರೂ ಮುಚ್ಚಳ ಬಿಗಿ ಇವೆಯಾ ನೋಡಿಕೊಂಡು, ಅಡುಗೆ ಸೋಡ ಕಲಸಿದ ನೀರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿದೆ. ಮುಟ್ಟಿದ ಕೂಡಲೇ ಬುಸ್ ಎಂದು ನೊರೆ ಬಂತು. ನೊರೆ ಬರುವವರೆಗೂ ಆಸಿಡ್ ಇದೆ ಎಂದರ್ಥ. ಮೂರನೇ ಸಲಕ್ಕೆ ನೊರೆ ನಿಂತಿತು. ಸೋಡ ನೀರು ಸೆಲ್ಲಿನ ಒಳಗೆ ಮಾತ್ರ ಹೋಗಬಾರದು, ಒಳಗಿನ ಆಸಿಡ್ಡನ್ನೂ ಅದು ಸಾಯಿಸುತ್ತದೆ. ಆಮೇಲೆ ಒದ್ದೆ ಬಟ್ಟೆ, ಒಣ ಬಟ್ಟೆ. ಕಂಬಗಳನ್ನು ಸ್ಯಾಂಡ್‌ಪೇಪರಿನಲ್ಲಿ ಹಗುರವಾಗಿ ಉಜ್ಜಿದೆ. ಮತ್ತೆ ಪ್ಲಾಸ್ಟಿಕ್ ಮೇಲೆ ಕಡ್ಡಿ ಎಳೆದರೆ 0.00.

ಕಾರಿನಲ್ಲಿ ಬ್ಯಾಟರಿ ಕೂರುವ ತಟ್ಟೆಯ ಒಂದು ಮೂಲೆಯಲ್ಲಿ ತುಕ್ಕು ಶುರುವಾಗಿತ್ತು. ಅಲ್ಲಿಗೂ ಸೋಡ ನೀರು, ಉಜ್ಜು, ಒಂದು ಕೋಟ್ ಪ್ರೈಮರ್.

ತುಂಬಿಸುವುದು

ಮುಚ್ಚಳ ತೆರೆಯುವ ಮೊದಲು ಕನ್ನಡಕ, ರಬ್ಬರ್ ಕೈಗವಸು. ಪಕ್ಕದಲ್ಲಿ ಒಂದು ಬಕೆಟ್ ನೀರು. ಆಸಿಡ್ ಎಷ್ಟು ಗಾಢವಾಗಿದೆ ಎಂದು ತೋರಿಸುವ ಹೈಡ್ರೋಮೀಟರಿನಲ್ಲಿ (ನೀರಿಗೆ 1.000) ಒಂದೊಂದು ಸೆಲ್ಲಿನ ಆಸಿಡ್ ಎಳೆದು ನೋಡಿದೆ: 1.205, 1.210, 1.200, 1.205, 1.210, 1.185. ಪೂರ್ತಿ ತುಂಬಿದ ಸೆಲ್ 1.265ಕ್ಕಿಂತ ಮೇಲಿರಬೇಕು. ಕಡಿಮೆ ಇದ್ದಿದ್ದಕ್ಕೆ ಆಶ್ಚರ್ಯ ಇಲ್ಲ. ನಾನು ಕಣ್ಣಿಟ್ಟಿದ್ದು ಸೆಲ್‌ಗಳ ನಡುವಿನ ವ್ಯತ್ಯಾಸಕ್ಕೆ. ಒಂದು ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಸೆಲ್ ಕೈಕೊಡುತ್ತಿದೆ ಎಂದರ್ಥ. ಅಂಥ ಬ್ಯಾಟರಿಗೆ ಇಷ್ಟೆಲ್ಲ ಶ್ರಮ ದಂಡ. ನನ್ನದರಲ್ಲಿ ಆರನೆಯದು ಸ್ವಲ್ಪ ಹಿಂದೆ, ಅಂತರ 0.025ರ ಒಳಗೇ.

ಮಧ್ಯದ ಎರಡು ಸೆಲ್‌ಗಳಲ್ಲಿ ನೀರು ಗುರುತಿಗಿಂತ ಕೆಳಗಿತ್ತು. ಪ್ಲೇಟುಗಳು ಮಾತ್ರ ಮುಳುಗೇ ಇದ್ದವು. ಹಾಗಿದ್ದಾಗ ಮೊದಲು ಚಾರ್ಜ್, ನೀರು ಆಮೇಲೆ. ಚಾರ್ಜ್ ಆದಂತೆ ಒಳಗಿನ ದ್ರವ ಮೇಲೇರುತ್ತದೆ. ಮೊದಲೇ ಗುರುತಿನವರೆಗೆ ತುಂಬಿದರೆ ಉಕ್ಕಿ ಹೊರಬರುತ್ತದೆ. ಪ್ಲೇಟ್ ಗಾಳಿಗೆ ತೆರೆದಿದ್ದರೆ ಮಾತ್ರ, ಅವು ಮುಳುಗುವಷ್ಟು ಹಾಕಿ ಚಾರ್ಜ್ ಶುರು ಮಾಡಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಒಂದೇ. ನಲ್ಲಿ ನೀರಿನ ಲವಣ ಪ್ಲೇಟ್ ಕೆಡಿಸುತ್ತದೆ. ಆಸಿಡ್ಡೂ ಹಾಕಬಾರದು, ಬ್ಯಾಟರಿಯಿಂದ ಆವಿಯಾಗಿ, ಗ್ಯಾಸ್ ಆಗಿ ಹೋಗುವುದು ನೀರು ಮಾತ್ರ. ಆಸಿಡ್ ಅಲ್ಲೇ ಇರುತ್ತದೆ.

ಜಾಗ ಕಿಟಕಿ ತೆರೆದ ಕೋಣೆ, ಹತ್ತಿರ ಬೆಂಕಿ ಇಲ್ಲ. ಚಾರ್ಜಿನ ಕೊನೆಯಲ್ಲಿ ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಅದು ನಾಲ್ಕು ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ಅದಕ್ಕೇ ಕ್ಲಿಪ್ ಕಚ್ಚಿಸಿದ ಮೇಲೆ ಸ್ವಿಚ್ ಹಾಕಬೇಕು. ತೆಗೆಯುವಾಗ ಸ್ವಿಚ್ ಆರಿಸಿದ ಮೇಲೆ ಕ್ಲಿಪ್ ತೆಗೆಯಬೇಕು. ಈ ಕ್ರಮ ಒಂದು ದಿನವೂ ತಪ್ಪಬಾರದು.

ಚಾರ್ಜರ್ 4 ಆಂಪಿಯರಿನದು. ಬ್ಯಾಟರಿಯ ಆಂಪಿಯರ್ ಅವರಿನ ಹತ್ತನೇ ಒಂದು ಭಾಗ ನಿಧಾನದ, ಹಿತವಾದ ಚಾರ್ಜ್. 45ಕ್ಕೆ 4 ಚೆನ್ನಾಗಿ ಹೊಂದುತ್ತದೆ. ಬೆಳಗ್ಗೆ ಹತ್ತಕ್ಕೆ ಹಾಕಿದೆ. ಮೊದಲ ನಾಲ್ಕು ಗಂಟೆ 4 ಆಂಪಿಯರ್ ಹಾಗೇ ಎಳೆಯಿತು. ಮೂರರ ಹೊತ್ತಿಗೆ ವೋಲ್ಟೇಜ್ 14.4 ಮುಟ್ಟಿ ಕರೆಂಟ್ ಇಳಿಯತೊಡಗಿತು. 2.1, 1.3, ಸಂಜೆ ಏಳಕ್ಕೆ 0.6. ಮುಚ್ಚಳದ ತೂತಿಗೆ ಕಿವಿ ಹತ್ತಿರ ತಂದರೆ ಸಣ್ಣಗೆ ಚರಚರ ಸದ್ದು, ಗುಳ್ಳೆ ಒಡೆಯುವುದು. ಆಗ ಆ ಎರಡು ಸೆಲ್‌ಗೆ ಗುರುತಿನವರೆಗೆ ನೀರು ಹಾಕಿ ಇನ್ನೂ ಒಂದೂವರೆ ಗಂಟೆ ಬಿಟ್ಟೆ. ಗುಳ್ಳೆಗಳೇ ಹೊಸ ನೀರನ್ನು ಆಸಿಡ್ ಜೊತೆ ಕಲಸುತ್ತವೆ.

ವಾರಕ್ಕೊಮ್ಮೆ ಯಾರಾದರೂ ಬಂದು ಹತ್ತು ನಿಮಿಷ ಇಂಜಿನ್ ಓಡಿಸಿದರೆ ಸಾಲದಾ ಎಂದು ಕೇಳುವವರಿಗೆ ನಾನು ಈ ಸಂಜೆಯ ಲೆಕ್ಕವನ್ನೇ ತೋರಿಸುತ್ತೇನೆ. ಕೊನೆಯ ಕಾಲು ಭಾಗ ತುಂಬಲು ಅರ್ಧ ದಿನದಷ್ಟು ಬೇಕಾಯಿತು. ಬ್ಯಾಟರಿ ಅದನ್ನು ಅವಸರದಲ್ಲಿ ನುಂಗುವುದಿಲ್ಲ, ಆಲ್ಟರ್ನೇಟರ್ ಎಷ್ಟೇ ದೊಡ್ಡದಿರಲಿ. ಮೇಲಾಗಿ ಹತ್ತು ನಿಮಿಷಕ್ಕೆ ಸೈಲೆನ್ಸರ್ ಸರಿಯಾಗಿ ಕಾಯದೆ ಅದರೊಳಗೆ ನೀರು ಉಳಿದು ತುಕ್ಕು ಹಿಡಿಯುತ್ತದೆ.

ಮುಚ್ಚಳ ಇಲ್ಲದ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಟ್ಟುಕೊಂಡಿರುವ ಬಗೆ) ಇರುವವರು ಚಾರ್ಜರನ್ನು ಎಜಿಎಂ ಮೋಡಿಗೆ ಇಟ್ಟುಕೊಳ್ಳಬೇಕು. ಅದು ತುಂಬಿದಾಗ ವೋಲ್ಟೇಜ್ ಸ್ವಲ್ಪ ಮೇಲೆ, 12.8ರ ಆಸುಪಾಸು ನಿಲ್ಲುತ್ತದೆ. ಅದನ್ನು ತೆರೆಯಲು ಹೋಗಬಾರದು. ಹೈಬ್ರಿಡ್ ಕಾರಿನವರು ಕಂಪನಿಯ ಪುಸ್ತಕ ನೋಡಿಯೇ ಮುಟ್ಟಿ, ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರವೂ ಹೋಗಬೇಡಿ.

ಮಾರನೇ ದಿನ

ಚಾರ್ಜರ್ ತೆಗೆದ ಕೂಡಲೇ ಅಳೆದರೆ 13ರ ಮೇಲೆ ತೋರಿಸಿ ಮೋಸ ಮಾಡುತ್ತದೆ. ಅದು ಪ್ಲೇಟಿನ ಮೇಲ್ಮೈಯ ಚಾರ್ಜ್. ಹಾಗಾಗಿ 24 ಗಂಟೆ ಮುಟ್ಟಲಿಲ್ಲ. ಮರುದಿನ ರಾತ್ರಿ 12.68 ವೋಲ್ಟ್. ಹೈಡ್ರೋಮೀಟರಿನಲ್ಲಿ 1.270, 1.270, 1.265, 1.270, 1.275, 1.255. ಆರನೆಯದೂ ಮೇಲೆದ್ದು ಬಂದಿತ್ತು. ಅದನ್ನು ನೋಡಿ ಮನಸ್ಸು ಹಗುರಾಯಿತು.

ಕಂಬಗಳಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿದೆ. ಏನಾದರೂ ಲೋಹ ಬಿದ್ದು ಎರಡೂ ಕಂಬಕ್ಕೆ ತಾಗಬಾರದಲ್ಲ.

ಎಲ್ಲಿಡಬೇಕು? ಮನೆಯಲ್ಲಿ ತಂಪಾದ, ಒಣ, ಮಕ್ಕಳ ಕೈಗೆ ಸಿಗದ ಜಾಗ. ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇಟ್ಟರೂ ತಿಂಗಳಿಗೆ ಮೂರರಿಂದ ಐದು ಪರ್ಸೆಂಟ್ ತಾನಾಗೇ ಇಳಿಯುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಆ ಸೋರಿಕೆ ಸುಮಾರು ಎರಡು ಪಟ್ಟು. ಬಿಸಿಲು ಬೀಳುವ ಶೆಡ್ ಬೇಡ. ಚಳಿಗೆ ತುಂಬಿದ ಬ್ಯಾಟರಿ ಹೆದರುವುದಿಲ್ಲ, ಅದು ಹೆಪ್ಪುಗಟ್ಟಲು ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗಿನ ಚಳಿ ಬೇಕು. ಖಾಲಿ ಬ್ಯಾಟರಿ ಹಾಗಲ್ಲ. ಅದರಲ್ಲಿರುವುದು ಹೆಚ್ಚುಕಡಿಮೆ ನೀರೇ, ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟಿ ಡಬ್ಬಿ ಬಿರಿಯುತ್ತದೆ.

ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ ಎಂಬ ಮಾತಿದೆ. ಹಿಂದೆ ಗಟ್ಟಿ ರಬ್ಬರಿನ ಡಬ್ಬಿ ಇದ್ದ ಕಾಲದ ಮಾತು ಅದು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲ ಯಾವುದಾದರೂ ಒಂದೇ. ನಾನು ಒಂದು ಪ್ಲಾಸ್ಟಿಕ್ ಟ್ರೇಯಲ್ಲಿಟ್ಟೆ, ಆಸಿಡ್ ಜಿನುಗಿದರೆ ನೆಲ ಕೆಡದಿರಲಿ ಎಂದು.

ಚಾರ್ಜರನ್ನು ಎಂಟು ತಿಂಗಳೂ ಸಿಕ್ಕಿಸಿಯೇ ಬಿಡುವುದಾ? ತುಂಬಿದ ಮೇಲೆ ತಾನೇ 13.5ರ ಹತ್ತಿರ ಇಳಿಸಿಕೊಳ್ಳುವ ಸ್ಮಾರ್ಟ್ ಚಾರ್ಜರಾದರೆ ಬಿಡಬಹುದು. ಇಳಿಸಿಕೊಳ್ಳದೆ ತಳ್ಳುತ್ತಲೇ ಇರುವ ಹಳೆಯ ಬಗೆಯದು ನೀರನ್ನೆಲ್ಲ ಕುದಿಸಿ ಮುಗಿಸುತ್ತದೆ. ನನ್ನದು ಸ್ಮಾರ್ಟೇ. ಆದರೆ ಒಮ್ಮೆ ಪ್ಲಗ್ ಕಿತ್ತು ವಾಪಸ್ ಹಾಕಿ ನೋಡಿದೆ, ಅದು ತಾನಾಗಿ ಮತ್ತೆ ಶುರುವಾಗಲಿಲ್ಲ, ಬಟನ್ ಒತ್ತಬೇಕಾಯಿತು. ಒಂದು ಸಲ ಕರೆಂಟ್ ಹೋದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ತಿಂಗಳಿಗೊಮ್ಮೆ ಅಳೆಯುವುದೇ ವಾಸಿ ಎಂದು ತೀರ್ಮಾನಿಸಿದೆ. ಟ್ರೇಗೆ ಒಂದು ಕಾಗದ ಅಂಟಿಸಿ ದೊಡ್ಡ ಅಕ್ಷರದಲ್ಲಿ ಬರೆದೆ: 12.5ಕ್ಕಿಂತ ಇಳಿದರೆ ಚಾರ್ಜ್. ಮೊದಲು ಕ್ಲಿಪ್, ಆಮೇಲೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್. ತಂಗಿಯಿಂದ ನನ್ನೆದುರೇ ಎರಡು ಸಲ ಮಾಡಿಸಿದೆ.

ಎಂಟು ತಿಂಗಳಾದ ಮೇಲೆ ಸೇರಿಸಿದ್ದು

ತಂಗಿಯ ಕಾಗದದಲ್ಲಿ ಇರುವುದು: ಒಂದನೇ ತಿಂಗಳು 12.64, ಎರಡು 12.60, ಮೂರು 12.55, ನಾಲ್ಕು 12.48. ಪಕ್ಕದಲ್ಲಿ "ಚಾರ್ಜ್ ಮಾಡಿದೆ, ಆರು ಗಂಟೆ". ಐದು 12.63, ಆರು 12.59, ಏಳು 12.54. ನಾನು ಬಂದ ದಿನ 12.50. ಹಾಕುವ ಮೊದಲು ಇನ್ನೊಂದು ರಾತ್ರಿ ಚಾರ್ಜ್ ಮಾಡಿದೆ.

ಕೀಲಿ ತೂತು ಸಲೀಸಾಗಿ ತಿರುಗಿತು. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೈನಸ್ ತಾಗುವಾಗ ಚಿಟಕ್ ಎಂದು ಸಣ್ಣ ಕಿಡಿ ಬಂತು, ಅದು ಸಹಜ. ಮೀಟರ್ ಬ್ಯಾಟರಿಗೇ ಇಟ್ಟುಕೊಂಡು ತಂಗಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಹೊಡೆಯುವಾಗ 10.6ಕ್ಕೆ ಇಳಿಯಿತು. 9.6ಕ್ಕಿಂತ ಕೆಳಗೆ ಹೋಗಿದ್ದರೆ ಚಿಂತೆ ಮಾಡಬೇಕಿತ್ತು. ಮೊದಲ ಸಲಕ್ಕೇ ಇಂಜಿನ್ ಹಿಡಿಯಿತು. ಹಿಡಿದ ಮೇಲೆ 14.2, ಆಲ್ಟರ್ನೇಟರ್ ಸರಿ ಇದೆ.

ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದಾಗಿನ ಇಂಜಿನ್ ವೇಗ, ಐದು ನಿಮಿಷ ಮೇಲೆ ಕೆಳಗೆ ಆಡಿ ತಾನೇ ಸರಿಹೋಯಿತು. ಗಡಿಯಾರ ಇಟ್ಟೆ. ಕಿಟಕಿಗಳ ಒಂದೇ ಒತ್ತಿನ ಆಟ ಮರೆತುಹೋಗಿತ್ತು. ಪ್ರತಿಯೊಂದನ್ನೂ ಪೂರ್ತಿ ಕೆಳಗಿಳಿಸಿ, ಪೂರ್ತಿ ಮೇಲೆತ್ತಿ, ಮೇಲೆ ಮುಟ್ಟಿದ ಮೇಲೂ ಬಟನ್ನನ್ನು ಕೆಲವು ಸೆಕೆಂಡ್ ಹಿಡಿದಿದ್ದಕ್ಕೆ ಮತ್ತೆ ಕಲಿತುಕೊಂಡವು.

ಬ್ಲೂಟೂತ್ ರೀಡರನ್ನು ವಾಪಸ್ ಚುಚ್ಚಿಲ್ಲ. ಗ್ಲೋವ್ ಬಾಕ್ಸಿನಲ್ಲಿದೆ, ಬೇಕಾದಾಗ ಹಾಕಿ ತೆಗೆಯುತ್ತೇನೆ.